44 ಕಿಲೋ ಲ್ಯಾಬ್ರಡಾರ್‌ಗೆ ಯಾವ ಚೀಲ?

ಪ್ರಶ್ನೆ: ನಮ್ಮ ರಾಜ ಲ್ಯಾಬ್ರಡಾರ್, ಆರು ವರ್ಷ. ಹೋದ ವರ್ಷ ಸಂತಾನಹರಣ ಆಪರೇಷನ್ ಆದಾಗಿನಿಂದ ಊದುತ್ತಲೇ ಇದ್ದಾನೆ. ಈಗ 44 ಕಿಲೋ. ಜಗಲಿಯ ಮೂರು ಮೆಟ್ಟಿಲು ಹತ್ತಿದರೆ ಏದುಸಿರು. ಪೆಟ್ ಶಾಪಿನವರು ‘ಲೈಟ್’ ಎಂದು ಬರೆದ ದುಬಾರಿ ನಾಯಿ ಆಹಾರದ ಚೀಲ ತೋರಿಸುತ್ತಾರೆ. ನಮ್ಮತ್ತೆ ಮುದ್ದೆ, ಮಜ್ಜಿಗೆ ಸಾಕು ಅನ್ನುತ್ತಾರೆ. ಏನೇ ಹಾಕಿದರೂ ತಟ್ಟೆ ನೆಕ್ಕಿ ಮತ್ತೆ ನನ್ನ ಮುಖ ನೋಡುತ್ತಾನೆ. ಕೊಬ್ಬರಿ ಸುಲಿಯುವ ದಿನಗಳಲ್ಲಿ ಕೆಳಗೆ ಬಿದ್ದ ಚೂರನ್ನೂ ಬಿಡುವುದಿಲ್ಲ. ಯಾವುದು ಕೊಡಲಿ ಡಾಕ್ಟ್ರೇ?
– ಗೃಹಿಣಿ, ತಿಪಟೂರು

ಉತ್ತರ: ಅಮ್ಮಾ, ಮೊದಲು ಆ ಕೊಬ್ಬರಿಯ ವಿಚಾರ. 25 ಗ್ರಾಂ ಒಣ ಕೊಬ್ಬರಿ ಎಂದರೆ ಸುಮಾರು 165 ಕಿಲೋಕ್ಯಾಲೊರಿ. ತೆಳ್ಳಗಾಗಬೇಕಾದ ರಾಜನ ಇಡೀ ದಿನದ ಪಾಲಿನಲ್ಲಿ ಆರನೇ ಒಂದು ಭಾಗ! ಸುಲಿಯುವ ದಿನ ಅವನನ್ನು ಹಿತ್ತಲಲ್ಲಿ ಕಟ್ಟಿ.

ಅವನ ಹಸಿವು ನಾಟಕವಲ್ಲ. ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರ್‌ಗೆ ಪಿಒಎಂಸಿ ಎಂಬ ವಂಶವಾಹಿಯಲ್ಲಿ ಒಂದು ತುಣುಕೇ ಇಲ್ಲ ಎಂದು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು 2016ರಲ್ಲಿ ತೋರಿಸಿದರು. ಅಂಥ ನಾಯಿಗೆ ಉಂಡರೂ ಸಾಕೆನಿಸುವುದಿಲ್ಲ. ಆಪರೇಷನ್ ಆದ ಮೇಲೆ ಮೈಗೆ ಬೇಕಾದ ಶಕ್ತಿಯೂ ಕಡಿಮೆ. ಊಟ ಮಾತ್ರ ಹಳೆಯ ಅಳತೆಯಲ್ಲೇ ನಡೆದಿರುತ್ತದೆ. ಆದರೂ ಒಮ್ಮೆ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ. ಅದು ಕೆಟ್ಟಿದ್ದರೆ ಯಾವ ಚೀಲ ತಂದರೂ ದುಡ್ಡು ದಂಡ.

ಗಂಡು ಲ್ಯಾಬ್ರಡಾರ್ ಸಾಮಾನ್ಯವಾಗಿ 29ರಿಂದ 36 ಕಿಲೋ ಇರಬೇಕು. ರಾಜನಿಗೆ 32 ಎಂದುಕೊಳ್ಳೋಣ. ಆ ತೂಕಕ್ಕೆ ವಿಶ್ರಾಂತಿಯಲ್ಲಿ ಬೇಕಾಗುವುದು ದಿನಕ್ಕೆ ಸುಮಾರು 940 ಕಿಲೋಕ್ಯಾಲೊರಿ. ಅಷ್ಟರಿಂದಲೇ ಶುರು ಮಾಡಿ. ಚೀಲದ ಹಿಂದಿನ ಪಟ್ಟಿಯಲ್ಲೂ 32ರ ಸಾಲನ್ನೇ ನೋಡಿ. 44ರ ಸಾಲು ನೋಡಿ ಹಾಕಿದರೆ ಇರುವ ಬೊಜ್ಜಿಗೇ ಉಣಿಸಿದಂತೆ.

ಚೀಲದ ಮುಂದೆ ಬರೆದ ‘ಲೈಟ್’ ನಂಬಿ ಕೊಳ್ಳಬೇಡಿ, ತಿರುಗಿಸಿ ಓದಿ. ಕಿಲೋಗೆ ಎಷ್ಟು ಕಿಲೋಕ್ಯಾಲೊರಿ ಎಂದು ಬರೆದಿರದಿದ್ದರೆ ವಾಪಸ್ ಇಟ್ಟುಬಿಡಿ. ಮಾಮೂಲಿ ಒಣ ಆಹಾರದಲ್ಲಿ 3500ರಿಂದ 4000 ಇರುತ್ತದೆ, ತೂಕ ಇಳಿಸುವುದರಲ್ಲಿ 3000ದ ಆಸುಪಾಸು. ಪ್ರೊಟೀನ್, ನಾರು ಎರಡೂ ಹೆಚ್ಚಿರಬೇಕು. ಪ್ರೊಟೀನ್ ಕಮ್ಮಿಯಾದರೆ ಬೊಜ್ಜಿನ ಜೊತೆ ಮಾಂಸವೂ ಕರಗುತ್ತದೆ. ‘ದೊಡ್ಡ ತಳಿಗೆ’ ಎಂಬ ಮಾತಿಗೆ ಬೆಳೆಯುವ ಮರಿಗಳ ವಿಷಯದಲ್ಲಿ ಬೆಲೆಯಿದೆ, ಕ್ಯಾಲ್ಸಿಯಂ ಅಳತೆಯ ಕಾರಣಕ್ಕೆ. ಆರು ವರ್ಷದವನಿಗೆ ಅದಕ್ಕಾಗಿ ಹೆಚ್ಚು ದುಡ್ಡು ಕೊಡಬೇಕಿಲ್ಲ. ಕಿಲೋಗೆ 3000 ಕಿಲೋಕ್ಯಾಲೊರಿಯ ಚೀಲವಾದರೆ ದಿನಕ್ಕೆ 280 ಗ್ರಾಂ, ಎರಡು ಹೊತ್ತಿಗೆ ಹಂಚಿ. ಲೋಟದಲ್ಲಿ ಬೇಡ, ಅಡುಗೆಮನೆಯ ತಕ್ಕಡಿಯಲ್ಲೇ ತೂಗಿ. ಉಳಿದ ನೂರರಷ್ಟು ಕಿಲೋಕ್ಯಾಲೊರಿ ಬೇಯಿಸಿದ ಬೀನ್ಸ್, ಸೋರೆಕಾಯಿ, ಸೌತೆಕಾಯಿಗೆ. ತಟ್ಟೆ ತುಂಬಿದಂತೆಯೂ ಕಾಣುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ ಮಾತ್ರ ಸೋಕಿಸಬೇಡಿ. ಹಳೆಯ ಆಹಾರವನ್ನೇ ಅರ್ಧಕ್ಕೆ ಇಳಿಸುವುದು ಅಗ್ಗದ ಉಪಾಯವೇನೋ ಹೌದು, ಆದರೆ ಖನಿಜ, ವಿಟಮಿನ್‌ಗಳೂ ಅರ್ಧಕ್ಕೆ ಇಳಿಯುತ್ತವೆ.

ಅತ್ತೆಯವರ ಮುದ್ದೆ? ನೂರು ಗ್ರಾಂ ಹಿಟ್ಟಿನ ಒಂದು ಮುದ್ದೆಗೆ ಸುಮಾರು 320 ಕಿಲೋಕ್ಯಾಲೊರಿ. ಮೂರು ಮುದ್ದೆಗೆ ಅವನ ದಿನದ ಲೆಕ್ಕ ಮುಗಿಯಿತು, ಪ್ರೊಟೀನ್ ಮಾತ್ರ ಸಾಲದು.

ಇಷ್ಟೆಲ್ಲ ಹೇಳುವ ನಾನೇ ನಮ್ಮ ಮನೆಯ ಹೆಣ್ಣು ಲ್ಯಾಬ್ರಡಾರ್‌ನ 41 ಕಿಲೋವರೆಗೆ ಬೆಳೆಸಿದ್ದೆ. ನಾನು ಅಳೆದೇ ಹಾಕುತ್ತಿದ್ದೆ. ಅಮ್ಮ ದೋಸೆಯ ಅಂಚು, ಮಗ ಬಿಸ್ಕತ್ತು, ನಾನು ಕಾಫಿಯ ಜೊತೆಯ ರಸ್ಕಿನ ತುದಿ. ಒಂದು ದಿನ ಎಲ್ಲರದ್ದೂ ಬರೆದಿಟ್ಟು ನೋಡಿದರೆ ಮೇಲಿಂದ ಮೇಲೆ ಹಾಕಿದ್ದೇ ಒಂದು ಊಟ! ಆಮೇಲೆ ಬೆಳಿಗ್ಗೆಯೇ ಅವಳ ದಿನದ ಪಾಲನ್ನು ಒಂದು ಸ್ಟೀಲ್ ಡಬ್ಬಿಗೆ ಹಾಕಿಡತೊಡಗಿದೆವು. ಯಾರು ಏನು ಕೊಡುವುದಿದ್ದರೂ ಆ ಡಬ್ಬಿಯಿಂದಲೇ. ಸಂಜೆಗೆ ಡಬ್ಬಿ ಖಾಲಿಯಾದರೆ ತಲೆ ಸವರಿ ಕಳಿಸುವುದು. ಏಳು ತಿಂಗಳಲ್ಲಿ 31ಕ್ಕೆ ಬಂದಳು.

ರಾಜ ವಾರಕ್ಕೆ ಅರ್ಧ ಕಿಲೋದಷ್ಟು ಇಳಿದರೆ ಸಾಕು. 900 ಗ್ರಾಂ ದಾಟಿದರೆ ಊಟ ಸ್ವಲ್ಪ ಏರಿಸಿ. ಓಡಿಸಬೇಡಿ, ಈ ತೂಕದಲ್ಲಿ ಕೀಲು ತಡೆಯುವುದಿಲ್ಲ. ಬಿಸಿಲೇರುವ ಮುಂಚೆ ಇಪ್ಪತ್ತು ನಿಮಿಷ ನಡೆಸಿ, ಊಟವಾದ ತಕ್ಷಣ ಬೇಡ. ಅಂಗೈ ಕೆಳಮುಖವಾಗಿ ಚಾಚಿ, ಬೆರಳ ಬುಡದ ಗಿಣ್ಣುಗಳ ಮೇಲೆ ಇನ್ನೊಂದು ಕೈ ಆಡಿಸಿ ನೋಡಿ. ಅವನ ಪಕ್ಕೆಲುಬು ಹಾಗೆ ಕೈಗೆ ಸಿಕ್ಕ ದಿನ ಇಳಿಸುವುದನ್ನು ನಿಲ್ಲಿಸಿ. ಎರಡು ತಿಂಗಳ ನಂತರದ ತೂಕವನ್ನು ನನಗೆ ಬರೆದು ತಿಳಿಸಿ.