ಎರೆ ಭೂಮಿಯಲ್ಲಿ ಬಚ್ಚಲು ನೀರಿಗೆ ಇಂಗುಗುಂಡಿ ಸಾಕೇ?

ಸಿಂಧನೂರು ಕಡೆ ಮನೆ ಕಟ್ಟಿಸುತ್ತಿದ್ದೀರಿ, ಐದು ಜನ ಇದ್ದೀರಿ. ಬಚ್ಚಲು ಮತ್ತು ಅಡುಗೆಮನೆಯ ನೀರಿಗೆ ಇಂಗುಗುಂಡಿ ಸಾಕೇ, ಕರೆಂಟು ಬೇಡದ ಬೇರೆ ದಾರಿ ಇದೆಯೇ ಎಂದು ಕೇಳಿದ್ದೀರಿ.

ಮೊದಲು ಹಿತ್ತಲಿನ ಮಣ್ಣು ನೋಡಿ. ಮಸಾರಿ, ಅಂದರೆ ಕೆಂಪು ಮಣ್ಣಾಗಿದ್ದರೆ ಇಂಗುಗುಂಡಿ ಸಾಕು. ಎರೆ, ಅಂದರೆ ಕಪ್ಪು ಮಣ್ಣಾಗಿದ್ದರೆ ಅದಕ್ಕೆ ದುಡ್ಡು ಹಾಕಬೇಡಿ. ನಮ್ಮದು ಕೊಪ್ಪಳ ಜಿಲ್ಲೆಯ ಕುಕನೂರು ಸೀಮೆ, ಅಪ್ಪಟ ಎರೆ. ನಾನು ಬೇಸಿಗೆಯಲ್ಲಿ ಗುಂಡಿ ತೋಡಿಸಿದಾಗ ನೆಲ ಬಾಯಿಬಿಟ್ಟಿತ್ತು, ಬಿಟ್ಟ ನೀರೆಲ್ಲ ಕ್ಷಣದಲ್ಲಿ ಇಳಿಯುತ್ತಿತ್ತು. ಮಳೆ ಹಿಡಿದು ಮಣ್ಣು ಉಬ್ಬಿತು, ಬಿರುಕುಗಳು ಮುಚ್ಚಿಕೊಂಡವು, ಗುಂಡಿ ತುಂಬಿ ಅಂಗಳಕ್ಕೆ ಹರಿಯಿತು. ಆ ಶ್ರಾವಣದಲ್ಲಿ ಸಂಜೆ ಕಟ್ಟೆಯ ಮೇಲೆ ಕೂರಲು ಸೊಳ್ಳೆಗಳು ಬಿಡಲಿಲ್ಲ.

ಮರುವರ್ಷ, ಕರೆಂಟಿಲ್ಲದೆ ಬಚ್ಚಲು ನೀರನ್ನು ತಿಳಿಯಾಗಿಸುವ ಜಲ್ಲಿಯ ಮಡಿ ಮಾಡಿದೆ. 10 ಅಡಿ ಉದ್ದ, 3 ಅಡಿ ಅಗಲ, 2 ಅಡಿ ಆಳ. ಇಟ್ಟಿಗೆ ಕಟ್ಟಡವನ್ನು ಎರೆ ಮಣ್ಣು ಸೀಳಿಬಿಡುತ್ತದೆ. ಆದ್ದರಿಂದ ಕೃಷಿಹೊಂಡಕ್ಕೆ ಹಾಸುವ ದಪ್ಪ ಪಾಲಿಥಿನ್ ಹಾಳೆಯನ್ನೇ ಹಾಸಿದೆ. ಎರಡು ತುದಿಗಳಲ್ಲಿ ದಪ್ಪ ಜಲ್ಲಿ, ನಡುವೆ 20 ಮಿ.ಮೀ. ಜಲ್ಲಿ, ಅದರಲ್ಲಿ ಕಾಬಾಳೆ ಗೆಡ್ಡೆಗಳು. ಹಳ್ಳದ ದಂಡೆಯ ಆಪು ಹುಲ್ಲನ್ನೂ ನೆಡಬಹುದು. ಹೊರಹೋಗುವ ಕೊಳವೆಯ ಬಾಯಿಯನ್ನು ಜಲ್ಲಿಯ ಮೇಲ್ಮಟ್ಟಕ್ಕಿಂತ ನಾಲ್ಕು ಬೆರಳು ಕೆಳಗೆ ಇಡಿ. ಆಗ ನೀರು ಮೇಲೆ ಕಾಣುವುದೇ ಇಲ್ಲ, ಸೊಳ್ಳೆಗೆ ಮೊಟ್ಟೆಯಿಡಲು ಜಾಗ ಸಿಗುವುದಿಲ್ಲ.

ಜಲ್ಲಿಯ ಸಂದುಗಳಲ್ಲಿ ಸುಮಾರು 570 ಲೀಟರ್ ನೀರು ನಿಲ್ಲುತ್ತದೆ. ದಿನಕ್ಕೆ 200 ಲೀಟರ್ ಬಂದರೆ ಪ್ರತಿ ಹನಿಯೂ ಹತ್ತಿರ ಹತ್ತಿರ ಮೂರು ದಿನ ಒಳಗಿರುತ್ತದೆ. ಅಷ್ಟರಲ್ಲಿ ಕಲ್ಲಿಗೆ ಅಂಟಿಕೊಂಡ ಸೂಕ್ಷ್ಮಜೀವಿಗಳು ಕೊಳೆಯ ಬಹುಭಾಗವನ್ನು ತಿಂದು ಮುಗಿಸುತ್ತವೆ. ಬೇರುಗಳು ಅವಕ್ಕೆ ನೆಲೆಯನ್ನೂ ಒಂದಿಷ್ಟು ಆಮ್ಲಜನಕವನ್ನೂ ಕೊಡುತ್ತವೆ. ಜರ್ಮನಿಯ ಕೇಟೆ ಸೈಡೆಲ್ ಎಂಬ ವಿಜ್ಞಾನಿ 1950ರ ದಶಕದಲ್ಲೇ ಜೊಂಡಿನಿಂದ ಕೊಳಚೆ ನೀರನ್ನು ತಿಳಿಯಾಗಿಸುವ ಪ್ರಯೋಗಗಳನ್ನು ಮಾಡಿದ್ದರು. ನಮ್ಮ ಕೆರೆಗಳ ಅಂಚಿನಲ್ಲಿ ಈ ಕೆಲಸ ಮೊದಲಿನಿಂದಲೂ ನಡೆಯುತ್ತಲೇ ಇದೆ, ನಾವು ಆಪನ್ನು ಕಳೆ ಎಂದು ಕಿತ್ತೆಸೆಯುತ್ತೇವೆ. ಅದನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಮಡಿಗೆ ಮುಂಚೆ ಮುಚ್ಚಳವಿರುವ ಒಂದು ಸಣ್ಣ ತೊಟ್ಟಿ ಇರಲೇಬೇಕು. ಒಗ್ಗರಣೆಯ ಎಣ್ಣೆ ಮೇಲೆ ತೇಲುತ್ತದೆ, ಅನ್ನದ ಅಗುಳು ತಳ ಸೇರುತ್ತದೆ, ನಡುವಿನ ನೀರು ಮಾತ್ರ ಮುಂದೆ ಹೋಗಬೇಕು. ಹದಿನೈದು ದಿನಕ್ಕೊಮ್ಮೆ ಅದನ್ನು ಬಳಿದು ತೆಗೆಯಿರಿ. ಇದನ್ನು ಮರೆತರೆ ಜಲ್ಲಿಯ ಸಂದು ಕಟ್ಟಿಕೊಂಡು ಎಲ್ಲವನ್ನೂ ಅಗೆದು ತೊಳೆಯಬೇಕಾಗುತ್ತದೆ.

ಶೌಚಾಲಯದ ನೀರನ್ನು ಇದಕ್ಕೆ ಸೇರಿಸಬೇಡಿ. ಹೊರಬರುವ ನೀರು ತಿಳಿಯಾಗಿ ಕಂಡರೂ ಅದರಲ್ಲಿ ರೋಗಾಣುಗಳು ಉಳಿದಿರುತ್ತವೆ. ತೆಂಗು, ನುಗ್ಗೆ, ಪೇರಲ ಗಿಡಗಳ ಬುಡಕ್ಕೆ ಬಿಡಿ; ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಮೆಂತ್ಯದ ತಪ್ಪಲು, ಮೂಲಂಗಿಗೆ ಬೇಡ.

ಇನ್ನೊಂದು ಮಾತು ನಿಮ್ಮ ಸೀಮೆಗೇ ಸಂಬಂಧಿಸಿದ್ದು. ಬಟ್ಟೆ ಒಗೆಯುವ ಪುಡಿಯಲ್ಲಿರುವ ಸೋಡಿಯಂ ಉಪ್ಪನ್ನು ಈ ಮಡಿ ತೆಗೆಯುವುದಿಲ್ಲ. ಕಾಲುವೆ ನೀರಾವರಿಯಿಂದ ಸವಳಾದ ಹೊಲಗಳನ್ನು ನೀವು ಕಂಡೇ ಇರುತ್ತೀರಿ. ಎರೆಗೆ ಸೋಡಿಯಂ ಸೇರಿದರೆ ನೀರೂ ಗಾಳಿಯೂ ಆಡದಂತೆ ಮಣ್ಣು ಬಿಗಿದುಕೊಳ್ಳುತ್ತದೆ. ಪುಡಿಯನ್ನು ಕಡಿಮೆ ಬಳಸಿ, ಒಂದೇ ಗಿಡಕ್ಕೆ ದಿನವೂ ಬಿಡದೆ ಸರದಿಯಲ್ಲಿ ಬಿಡಿ. ಮನೆಯ ಪಾಯ ತೆಗೆಯುವಾಗಲೇ ಬಚ್ಚಲಿನ ಕೊಳವೆಯನ್ನೂ ಶೌಚಾಲಯದ ಕೊಳವೆಯನ್ನೂ ಬೇರೆ ಬೇರೆ ಎಳೆಸಿ; ಗಿಲಾವು ಆದ ಮೇಲೆ ನಾನು ಅದಕ್ಕಾಗಿಯೇ ಒಂದು ಗೋಡೆ ಒಡೆಸಬೇಕಾಯಿತು.