‘ಬೆಲ್ಟ್ ಹಾಕಿಸೀನಿ’ ಅಂದರೆ ಯಾವ ಬೆಲ್ಟು?

ಈ ಸಲ ನಾಲ್ಕು ಪತ್ರಗಳು ಒಂದೇ ವಿಷಯದ ಮೇಲಿವೆ: ಕಾರಿನ ಎಂಜಿನ್ ಒಳಗಿನ ಟೈಮಿಂಗ್ ಬೆಲ್ಟ್, ಚೈನ್. ಬೇರೆ ಪ್ರಶ್ನೆಗಳನ್ನು ಮುಂದಿನ ಸಲಕ್ಕೆ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ಹೋದ ತಿಂಗಳು 2012ರ ಇನ್ನೋವಾ ಡೀಸೆಲ್ ಸೆಕೆಂಡ್ ಹ್ಯಾಂಡ್ ತಗೊಂಡೆ. ಮೀಟರ್ 1,38,000 ತೋರಿಸುತ್ತಿದೆ. ಮಾರಿದವರು ‘ಬೆಲ್ಟ್ ಈಗಷ್ಟೇ ಹಾಕಿಸೀನಿ’ ಅಂದರು, ಬಿಲ್ ಕೊಡಲಿಲ್ಲ. ನಮ್ಮ ಮಿಸ್ತ್ರಿ ಟೈಮಿಂಗ್ ಬೆಲ್ಟ್ ಬದಲಿಸಲೇಬೇಕು ಅನ್ನುತ್ತಾರೆ. ಮಾವ ಮಾತ್ರ ‘ಚಲೋ ಓಡೋ ಗಾಡಿಗೆ ಕೈ ಹಚ್ಚಬ್ಯಾಡ’ ಅನ್ನುತ್ತಾರೆ. ಯಾರ ಮಾತು ಕೇಳಲಿ? (ಸಿಂಧನೂರಿನ ಓದುಗರು)

ಉತ್ತರ: ಮಿಸ್ತ್ರಿಯ ಮಾತು ಕೇಳಿ. ಮಾವನವರ ಮಾತು ಗೇರ್‌ಬಾಕ್ಸ್‌ಗೆ ಸರಿ, ಕ್ಲಚ್‌ಗೂ ಸರಿ. ಟೈಮಿಂಗ್ ಬೆಲ್ಟ್‌ಗೆ ಒಪ್ಪುವುದಿಲ್ಲ. ಹರಿಯುವುದಕ್ಕೆ ಒಂದು ನಿಮಿಷ ಮೊದಲಿನ ತನಕ ಗಾಡಿ ಚಲೋನೇ ಓಡುತ್ತಿರುತ್ತದೆ. ಸದ್ದಿಲ್ಲ, ಹೊಗೆಯಿಲ್ಲ, ಮೈಲೇಜ್ ಇಳಿಯುವುದಿಲ್ಲ.

‘ಬೆಲ್ಟ್ ಹಾಕಿಸೀನಿ’ ಅನ್ನುವ ಮಾತು ನನ್ನ ಗ್ಯಾರೇಜಿನಲ್ಲಿ ವಾರಕ್ಕೊಮ್ಮೆ ಕೇಳುತ್ತೇನೆ. ಕೆದಕಿ ಕೇಳಿದರೆ ಹಾಕಿಸಿದ್ದು ಫ್ಯಾನ್ ಬೆಲ್ಟ್. ಬಾನೆಟ್ ಎತ್ತಿದ ಕೂಡಲೇ ಕಣ್ಣಿಗೆ ಬೀಳುವ ಬೆಲ್ಟ್ ಅದೇ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನು, ಎಸಿಯನ್ನು ತಿರುಗಿಸುತ್ತದೆ. ಅದು ಹರಿದರೆ ಬ್ಯಾಟರಿ ದೀಪ ಹತ್ತುತ್ತದೆ. ಬದಿಗೆ ನಿಲ್ಲಿಸಿ ಫೋನ್ ಮಾಡಿದರೆ ಆಯಿತು. ಟೈಮಿಂಗ್ ಬೆಲ್ಟ್ ಕವರ್‌ನ ಒಳಗೆ ಕೂತಿರುತ್ತದೆ, ಬಿಚ್ಚದೆ ಕಾಣುವುದಿಲ್ಲ. ಮಾರಿದವರು ಸುಳ್ಳು ಹೇಳಿದರು ಅಂತ ನಾನು ಹೇಳುತ್ತಿಲ್ಲ. ಎಷ್ಟೋ ಸಲ ಅವರಿಗೂ ವ್ಯತ್ಯಾಸ ಗೊತ್ತಿರುವುದಿಲ್ಲ. ಆದರೆ ಬಿಲ್ಲಿನಲ್ಲಿ ‘ಟೈಮಿಂಗ್’ ಅನ್ನುವ ಪದ, ತಾರೀಖು, ಕಿಲೋಮೀಟರ್ ಮೂರೂ ಇಲ್ಲದಿದ್ದರೆ ಹಾಕಿಸಿಲ್ಲ ಅಂತಲೇ ತಿಳಿದುಕೊಳ್ಳಿ.

ಒಂದೇ ಒರಳಿಗೆ ಇಬ್ಬರು ಹೆಂಗಸರು ಒನಕೆ ಹಾಕಿ ಕುಟ್ಟುವುದನ್ನು ನೋಡಿದ್ದೀರಾ? ಒಬ್ಬಳದು ಏಳುವಾಗ ಇನ್ನೊಬ್ಬಳದು ಇಳಿಯಬೇಕು. ತಾಳ ತಪ್ಪಿದರೆ ಒನಕೆಗೆ ಒನಕೆ ಬಡಿಯುತ್ತದೆ. ಎಂಜಿನ್ ಒಳಗೆ ಮೇಲೆ ಕೆಳಗೆ ಓಡಾಡುವ ಪಿಸ್ಟನ್ ಮತ್ತು ಗಾಳಿ, ಹೊಗೆಗೆ ಬಾಗಿಲಿನಂತಿರುವ ವಾಲ್ವ್ ಹೀಗೇ ಒಂದೇ ಜಾಗವನ್ನು ಸರದಿಯಲ್ಲಿ ಬಳಸುತ್ತವೆ. ಪಿಸ್ಟನ್‌ಗೆ ಜೋಡಿಸಿದ ಕ್ರ್ಯಾಂಕ್ ಎರಡು ಸುತ್ತು ಬಂದರೆ, ವಾಲ್ವ್ ತೆರೆಯುವ ಕ್ಯಾಮ್ ಒಂದು ಸುತ್ತು. ಆ ತಾಳ ಹಿಡಿಯುವ ಕೆಲಸ ಬೆಲ್ಟ್ ಅಥವಾ ಚೈನಿನದು. ಎಂಜಿನ್ 2000 ಆರ್‌ಪಿಎಂನಲ್ಲಿದ್ದಾಗ ಒಂದೊಂದು ವಾಲ್ವ್ ಸೆಕೆಂಡಿಗೆ ಹದಿನಾರು ಹದಿನೇಳು ಸಲ ತೆರೆದು ಮುಚ್ಚುತ್ತದೆ. ಬೆಲ್ಟ್ ಹರಿದರೆ ಕ್ಯಾಮ್ ನಿಲ್ಲುತ್ತದೆ, ಪಿಸ್ಟನ್ ನಿಲ್ಲುವುದಿಲ್ಲ. ತೆರೆದೇ ಉಳಿದ ವಾಲ್ವ್‌ಗೆ ಕೆಳಗಿನಿಂದ ಹೋಗಿ ಗುದ್ದುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಇವೆರಡರ ನಡುವೆ ಜಾಗವೇ ಕಡಿಮೆ. ವಾಲ್ವ್ ಬಾಗುತ್ತದೆ, ಅದನ್ನು ಒತ್ತುವ ರಾಕರ್ ಮುರಿಯುತ್ತದೆ, ಎಂಜಿನ್‌ನ ಮೇಲ್ಭಾಗವಾದ ಹೆಡ್ ಇಳಿಸಬೇಕಾಗುತ್ತದೆ. ಒಂದು ದಿನದ ಕೆಲಸ ವಾರದ್ದಾಗುತ್ತದೆ.

ಇನ್ನೋವಾದ ಮೀಟರಿನಲ್ಲಿ ಟಿ-ಬೆಲ್ಟ್ ಅಂತ ಒಂದು ದೀಪ ಇರುತ್ತದೆ. ಅದು ಹತ್ತಿಲ್ಲ ಅಂತ ನಂಬಿ ಕೂರಬೇಡಿ. ಆ ದೀಪಕ್ಕೆ ಬೆಲ್ಟ್ ಕಾಣಿಸುವುದಿಲ್ಲ, ಅದು ಕಿಲೋಮೀಟರ್ ಮಾತ್ರ ಎಣಿಸುತ್ತದೆ. ಬೆಲ್ಟ್ ಮುಟ್ಟದೆಯೇ ರಿಸೆಟ್ ಮಾಡಬಹುದು. ಇನ್ನು ಸೆಕೆಂಡ್ ಹ್ಯಾಂಡ್ ಗಾಡಿಯ 1,38,000 ನಿಜವಾದ 1,38,000 ಹೌದೋ ಅಲ್ಲವೋ, ಅದನ್ನು ನಿಮಗೇ ಬಿಡುತ್ತೇನೆ.

ನಮ್ಮ ಕಡೆಯ ಹವೆಯೂ ಲೆಕ್ಕಕ್ಕೆ ಬರುತ್ತದೆ. ಬೆಲ್ಟ್ ಅಂದರೆ ಒಳಗೆ ಗಾಜಿನ ನಾರು, ಮೇಲೆ ರಬ್ಬರ್. ಬಿಸಿಗೆ ಗಡಸಾಗುತ್ತದೆ, ಆಯಿಲ್ ತಾಗಿದರೆ ಮೆತ್ತಗಾಗುತ್ತದೆ. ರಾಯಚೂರು ಕಡೆ ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಮದುವೆ ಮನೆ ಮುಂದೆ ಎಸಿ ಹಾಕಿಕೊಂಡು ಎರಡು ತಾಸು ಗಾಡಿ ನಿಲ್ಲಿಸಿದರೆ ಮೀಟರ್ ಒಂದು ಕಿಲೋಮೀಟರೂ ಮುಂದೆ ಹೋಗುವುದಿಲ್ಲ, ಬೆಲ್ಟ್ ಮಾತ್ರ ಎರಡು ತಾಸು ತಿರುಗಿರುತ್ತದೆ. ಕಾರಿನಿಂದ ಕಾರಿಗೆ ಬೆಲ್ಟ್ ಬದಲಿಸುವ ಅಂಕಿ ಸುಮಾರು 60 ಸಾವಿರದಿಂದ ಒಂದೂವರೆ ಲಕ್ಷದವರೆಗೆ ಇರುತ್ತದೆ. ಮ್ಯಾನುಯಲ್‌ನಲ್ಲಿ ಧೂಳು, ಬಿಸಿಲು, ಜಾಸ್ತಿ ಐಡ್ಲಿಂಗ್ (ನಿಂತಲ್ಲೇ ಎಂಜಿನ್ ಓಡುವುದು) ಇರುವ ಕಡೆಗೆ ಬೇರೆ ಪಟ್ಟಿ ಕೊಟ್ಟಿದ್ದರೆ ಅದೇ ನಮಗೆ ಅನ್ವಯ.

ಹೋದ ಬೇಸಿಗೆ ಸಂಡೂರು ಕಡೆಯ ಒಂದು ಗಾಡಿಯ ಕವರ್ ಬಿಚ್ಚಿದೆ. ಐದು ಬೋಲ್ಟ್ ಇರಬೇಕಾದಲ್ಲಿ ಮೂರಿದ್ದವು. ಹಿಂದೆ ಯಾರೋ ಬಿಚ್ಚಿದವರು ಎರಡು ಹಾಕದೆ ಬಿಟ್ಟಿದ್ದರು. ಆ ಸಂದಿಯಿಂದ ಅದಿರಿನ ಧೂಳು ಒಳಗೆ ಹೋಗಿ ಪುಲ್ಲಿಯ ಹಲ್ಲುಗಳ ನಡುವೆ ಕುಂಕುಮ ತುಂಬಿದ ಹಾಗೆ ಕೂತಿತ್ತು. ಬೆಲ್ಟ್ ನೋಡಲು ಇನ್ನೂ ಪರವಾಗಿಲ್ಲ ಅನ್ನುವ ಹಾಗಿತ್ತು. ಬೆಲ್ಟನ್ನು ಬಿಗಿ ಹಿಡಿಯುವ ಟೆನ್ಷನರಿನ ಬೇರಿಂಗನ್ನು ಬೆರಳಿಂದ ತಿರುಗಿಸಿದರೆ ಒಣ ಬೀಸುಕಲ್ಲಿನ ಸದ್ದು. ಬೇರಿಂಗ್ ಹಿಡಿದುಕೊಂಡರೆ ಹೊಸ ಬೆಲ್ಟೂ ಹರಿಯುತ್ತದೆ. ಅದಕ್ಕೇ ಬೆಲ್ಟ್ ಒಂದನ್ನೇ ಹಾಕಿಸಬೇಡಿ, ಟೆನ್ಷನರ್ ಮತ್ತು ಐಡ್ಲರ್ (ಬೆಲ್ಟಿಗೆ ದಾರಿ ತೋರುವ ಪುಲ್ಲಿ) ಸೇರಿದ ಕಿಟ್ ಹಾಕಿಸಿ. ಡಸ್ಟರ್ ಡೀಸೆಲ್‌ನಂಥ ಗಾಡಿಗಳಲ್ಲಿ ವಾಟರ್ ಪಂಪನ್ನೂ ಇದೇ ಬೆಲ್ಟ್ ತಿರುಗಿಸುತ್ತದೆ, ಅಲ್ಲಿ ಪಂಪೂ ಜೊತೆಗೇ ಆಗಲಿ. ಕ್ಯಾಮ್, ಕ್ರ್ಯಾಂಕ್ ಆಯಿಲ್ ಸೀಲ್ ಜಿನುಗುತ್ತಿವೆಯಾ ನೋಡಲು ಹೇಳಿ.

ಸಾಧ್ಯವಾದರೆ ಕೆಲಸ ಮುಗಿಯುವಾಗ ನೀವು ಅಲ್ಲೇ ಇರಿ. ಒಳ್ಳೆಯ ಮಿಸ್ತ್ರಿ ಹೊಸ ಬೆಲ್ಟ್ ಹಾಕಿದ ಮೇಲೆ ನೇರವಾಗಿ ಸೆಲ್ಫ್ ಹೊಡೆಯುವುದಿಲ್ಲ. ಸ್ಪ್ಯಾನರ್ ಹಾಕಿ ಕ್ರ್ಯಾಂಕನ್ನು ಕೈಯಿಂದ ಎರಡು ಸುತ್ತು ತಿರುಗಿಸಿ, ಪುಲ್ಲಿಗಳ ಮೇಲಿನ ಟೈಮಿಂಗ್ ಮಾರ್ಕ್‌ಗಳು ಮತ್ತೆ ಕೂಡಿದವಾ ಅಂತ ನೋಡುತ್ತಾನೆ. ನಿಮ್ಮ ಮಿಸ್ತ್ರಿ ಹಾಗೆ ಮಾಡಿದರೆ ಮುಂದೆಯೂ ಅವರ ಹತ್ತಿರವೇ ಹೋಗಿ.

ಪ್ರಶ್ನೆ: ನಮ್ಮದು 2014ರ ಸ್ವಿಫ್ಟ್ ಡೀಸೆಲ್, 1,60,000 ಓಡಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎರಡು ಮೂರು ಸೆಕೆಂಡ್ ಕರಕರ ಸದ್ದು, ಆಮೇಲೆ ಇಲ್ಲ. ಇದರಲ್ಲಿ ಚೈನ್ ಇರುವುದು, ಜೀವಮಾನಪೂರ್ತಿ ನೋಡಬೇಕಿಲ್ಲ ಅಂತ ಕೊಳ್ಳುವಾಗ ಹೇಳಿದ್ದರು. ಸುಮ್ನೆ ಬಿಡಬಹುದಾ? (ಕುಷ್ಟಗಿಯ ಓದುಗರು)

ಉತ್ತರ: ಬಿಡಬೇಡಿ. ಚೈನ್ ಇರುವುದು ನಿಜ. ನಿಮ್ಮದು ಫಿಯೆಟ್‌ನ 1.3 ಮಲ್ಟಿಜೆಟ್ ಎಂಜಿನ್. ಇಂಡಿಕಾ ವಿಸ್ಟಾ, ಪುಂಟೊ, ಡಿಸೈರ್, ಎರ್ಟಿಗಾ, ಬ್ರೆಝಾ ಡೀಸೆಲ್ ಎಲ್ಲದರಲ್ಲೂ ಇದೇ ಇತ್ತು. ಒಳ್ಳೆಯ ಎಂಜಿನ್, ನನಗೆ ಇಷ್ಟದ್ದು. ಆದರೆ ‘ಜೀವಮಾನಪೂರ್ತಿ’ ಅಂದವರು ಯಾರ ಜೀವಮಾನ ಅಂತ ಹೇಳಲಿಲ್ಲ, ಅಲ್ವಾ?

ಬೆಲ್ಟ್ ಒಣಗಿರಬೇಕು, ಚೈನ್ ಆಯಿಲ್‌ನಲ್ಲಿ ಮೀಯಬೇಕು. ಚೈನನ್ನು ಬಿಗಿ ಹಿಡಿಯುವ ಟೆನ್ಷನರ್ ಕೂಡ ಆಯಿಲ್ ಪ್ರೆಶರ್‌ನಿಂದಲೇ ಕೆಲಸ ಮಾಡುತ್ತದೆ. ರಾತ್ರಿಯೆಲ್ಲ ಗಾಡಿ ನಿಂತಾಗ ಪ್ರೆಶರ್ ಇರುವುದಿಲ್ಲ. ಬೆಳಿಗ್ಗೆ ಪ್ರೆಶರ್ ಏರುವ ತನಕ ಸಡಿಲವಾದ ಚೈನ್ ತನ್ನ ದಾರಿಯ ಪಟ್ಟಿಗೆ, ಅಂದರೆ ಗೈಡ್‌ಗೆ, ಬಡಿಯುತ್ತದೆ. ನಿಮ್ಮ ಕರಕರ ಅದೇ ಇರಬಹುದು.

ಕಬ್ಬಿಣದ ಚೈನ್ ಹೇಗೆ ಉದ್ದವಾಗುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಹಳೇ ಸೈಕಲ್ ಚೈನ್ ಜೋಲು ಬೀಳುವುದಿಲ್ಲವೇ, ಹಾಗೇ. ಕೊಂಡಿ ಹಿಗ್ಗುವುದಿಲ್ಲ, ಕೊಂಡಿಯ ಪಿನ್ನು ಮತ್ತು ತೂತು ಸವೆಯುತ್ತವೆ. ಒಂದೊಂದರಲ್ಲಿ ಕೂದಲೆಳೆಗಿಂತ ಕಡಿಮೆ, ಎಲ್ಲ ಸೇರಿದರೆ ಕ್ಯಾಮ್ ಹಿಂದೆ ಬೀಳುವಷ್ಟು. ಡೀಸೆಲ್ ಆಯಿಲ್‌ನಲ್ಲಿ ಮಸಿ ಸೇರುತ್ತದೆ. ಆಯಿಲ್ ಚೇಂಜ್ ತಡವಾದಷ್ಟೂ ಆ ಮಸಿ ಪಿನ್ನುಗಳಿಗೆ ಪಾಲಿಶ್ ಪೇಪರ್ ಉಜ್ಜಿದ ಹಾಗೆ. ಹತ್ತು ಸಾವಿರಕ್ಕೆ ಅಂತ ಬರೆದಿದ್ದನ್ನು ಹದಿನೆಂಟಕ್ಕೆ ಎಳೆದವರ ಗಾಡಿಯಲ್ಲೇ ನಾನು ಜಾಸ್ತಿ ಚೈನ್ ಬದಲಿಸಿದ್ದೇನೆ. ನಮ್ಮ ಧೂಳಿಗೆ ನಾನು ಹೇಳುವುದು ಏಳೂವರೆ ಸಾವಿರ. ಓಡಿಸದಿದ್ದರೂ ವರ್ಷಕ್ಕೊಮ್ಮೆ.

ಇವತ್ತೇ ಆಯಿಲ್ ಕಡ್ಡಿ ಎಳೆದು ಲೆವೆಲ್ ನೋಡಿ. ಕಡಿಮೆಯಿದ್ದರೆ ಅಥವಾ ಹಳತಾಗಿದ್ದರೆ ಮ್ಯಾನುಯಲ್ ಹೇಳಿದ ಗ್ರೇಡಿನ ಆಯಿಲ್, ಒಳ್ಳೆಯ ಫಿಲ್ಟರ್ ಹಾಕಿಸಿ. ಅಷ್ಟಕ್ಕೇ ಸದ್ದು ಹೋದರೆ ಪುಣ್ಯ. ಹೋಗದಿದ್ದರೆ, ಇಲ್ಲವೇ ಎಂಜಿನ್ ಲೈಟ್ ಹತ್ತಿ ಸ್ಕ್ಯಾನರ್‌ನಲ್ಲಿ ಪಿ0016 ಬಂದರೆ, ಕ್ಯಾಮ್ ಮತ್ತು ಕ್ರ್ಯಾಂಕಿನ ತಾಳ ಕೂಡುತ್ತಿಲ್ಲ ಅಂತ ಅರ್ಥ. ಸೆನ್ಸರ್, ವೈರಿಂಗ್ ಸರಿಯಿದ್ದರೆ ಚೈನ್, ಟೆನ್ಷನರ್, ಗೈಡ್, ಚೈನಿನ ಹಲ್ಲುಗಾಲಿಗಳಾದ ಸ್ಪ್ರಾಕೆಟ್ ಎಲ್ಲ ಒಟ್ಟಿಗೆ ಬದಲಿಸಿ. ಎಂಜಿನ್ ಮುಂದಿನ ಕವರ್ ಬಿಚ್ಚುವ ಕೆಲಸ, ಬೆಲ್ಟ್‌ಗಿಂತ ಖರ್ಚು ಜಾಸ್ತಿ. ಅಲ್ಲಿಯತನಕ ಬ್ಯಾಟರಿ ಕೈಕೊಟ್ಟರೂ ಗಾಡಿ ತಳ್ಳಿ ಸ್ಟಾರ್ಟ್ ಮಾಡಬೇಡಿ. ಟೆನ್ಷನರ್‌ಗೆ ಪ್ರೆಶರ್ ಇಲ್ಲದ ಹೊತ್ತಿನಲ್ಲಿ ಆ ಜರ್ಕಿಗೆ ಚೈನ್ ಒಂದು ಹಲ್ಲು ದಾಟಿ ಕೂರಬಹುದು.

ಪ್ರಶ್ನೆ: ಹೊಸ ಕಾರು ನೋಡುತ್ತಿದ್ದೇವೆ. ಬೆಲ್ಟ್ ಇರುವ ಕಾರನ್ನು ಬಿಟ್ಟೇಬಿಡಬೇಕಾ? (ಬಳ್ಳಾರಿಯ ದಂಪತಿ)

ಉತ್ತರ: ಅದೊಂದಕ್ಕೇ ಬಿಡಬೇಡಿ. ಹಳೇ ಅಂಬಾಸಿಡರ್, ಪದ್ಮಿನಿಯಲ್ಲಿ ಚೈನೇ ಇತ್ತು. ಜನ ಕೊಳ್ಳುವ ಕಾರಿಗೆ ರಬ್ಬರ್ ಬೆಲ್ಟ್ ಮೊದಲು ಬಂದದ್ದು 1962ರಲ್ಲಿ, ಜರ್ಮನಿಯ ಗ್ಲಾಸ್ (Glas) ಅನ್ನುವ ಕಂಪನಿಯ 1004 ಕಾರಿನಲ್ಲಿ. ಸದ್ದು ಕಡಿಮೆ, ಹಗುರ, ಅಗ್ಗ ಅಂತ ಆಮೇಲೆ ಎಲ್ಲರೂ ಹಿಡಿದರು. ನಮ್ಮ ಕಡೆಯ ಹೆಚ್ಚಿನ ಮಿಸ್ತ್ರಿಗಳು ಅದನ್ನು ಕಲಿತದ್ದು ಮಾರುತಿ 800 ಮೇಲೆ. ಈಗ ಮತ್ತೆ ಚೈನ್ ಜಾಸ್ತಿಯಾಗಿದೆ: ಮಾರುತಿಯ ಕೆ-ಸೀರೀಸ್ ಎಂಜಿನ್, ಹುಂಡೈನ 1.2 ಕಪ್ಪಾ, ಇನ್ನೋವಾ ಕ್ರಿಸ್ಟಾದ 2.4 ಡೀಸೆಲ್. ಸ್ಕೋಡಾ, ಫೋಕ್ಸ್‌ವ್ಯಾಗನ್‌ನ 1.0 ಟಿಎಸ್‌ಐ ಬೆಲ್ಟ್.

ಆಯಿಲ್ ಚೇಂಜ್ ಮರೆಯುವ ಮನೆಯಾದರೆ ನಾನು ಬೆಲ್ಟ್ ಕಾರನ್ನೇ ಹೇಳುತ್ತೇನೆ. ಆಯಿಲ್ ಮರೆತರೆ ಎಂಜಿನ್ ಹೇಗೂ ಸವೆಯುತ್ತದೆ, ತಾಳವಾದರೂ ಉಳಿಯಲಿ. ಹತ್ತು ವರ್ಷ ಇಟ್ಟುಕೊಳ್ಳುವವರು, ಸರ್ವಿಸ್ ತಪ್ಪಿಸದವರು ಚೈನ್ ತಗೊಳ್ಳಿ. ಮೂರನೆಯ ಜಾತಿಯೂ ಒಂದಿದೆ, ಆಯಿಲ್ ಒಳಗೇ ಓಡುವ ಬೆಲ್ಟ್. ಫೋರ್ಡ್ ಎಕೋಸ್ಪೋರ್ಟ್ 1.0 ಎಕೋಬೂಸ್ಟ್‌ನಲ್ಲಿತ್ತು. ಸೆಕೆಂಡ್ ಹ್ಯಾಂಡ್‌ನಲ್ಲಿ ಅದು ಸಿಕ್ಕರೆ ಯಾವ ಆಯಿಲ್ ಹಾಕಿದ್ದಾರೆ ಅಂತ ಬಿಲ್ ಕೇಳದೆ ಮುಟ್ಟಬೇಡಿ. ತಪ್ಪು ಆಯಿಲ್‌ಗೆ ಬೆಲ್ಟ್ ಪುಡಿ ಉದುರಿ ಆಯಿಲ್ ಪಂಪಿನ ಜಾಲರಿಗೆ ಕಟ್ಟುತ್ತದೆ.

ಪ್ರಶ್ನೆ: ಅಪ್ಪನ 2011ರ ಸ್ಯಾಂಟ್ರೊ. ಬರೀ 38,000 ಓಡಿದೆ, ಬೆಲ್ಟ್ ಮೊದಲಿನದೇ. ಮುಂದಿನ ತಿಂಗಳು ಎಲ್ಲರೂ ಅದರಲ್ಲೇ ಮಂತ್ರಾಲಯಕ್ಕೆ ಹೊರಟಿದ್ದೇವೆ. ಬೆಲ್ಟ್ ಬದಲಿಸಬೇಕಾ? (ಕೊಪ್ಪಳದ ಓದುಗರು)

ಉತ್ತರ: ಕಿಲೋಮೀಟರ್ ನೋಡಬೇಡಿ, ವರ್ಷ ನೋಡಿ. ನಿಂತ ಗಾಡಿಯಲ್ಲೂ ರಬ್ಬರ್‌ಗೆ ವಯಸ್ಸಾಗುತ್ತದೆ. ಅಪ್ಪನವರು ಟೈರ್ ಬದಲಿಸಿದ್ದರೆ ಅದೇ ಕಾರಣಕ್ಕೆ ಬದಲಿಸಿರುತ್ತಾರೆ, ಅದನ್ನೇ ಅವರಿಗೆ ನೆನಪಿಸಿ. ಹೊರಡುವ ಹಿಂದಿನ ದಿನ ಅಲ್ಲ, ಹದಿನೈದು ದಿನ ಮುಂಚೆಯೇ ಹಾಕಿಸಿ. ಆ ಹದಿನೈದು ದಿನ ಪೇಟೆಯೊಳಗೆ ಓಡಿಸಿ, ಏನಾದರೂ ಸದ್ದು ಬಂದರೆ ಮಿಸ್ತ್ರಿ ಮನೆಯ ಹತ್ತಿರವೇ ಇರುತ್ತಾರೆ. ಕವರ್ ಬಿಚ್ಚುವಾಗ ಒಳಗೆ ಇಲಿ ಗೂಡು ಇದ್ದರೆ ಗಾಬರಿಯಾಗಬೇಡಿ, ವೈರುಗಳನ್ನು ಮಾತ್ರ ಒಮ್ಮೆ ನೋಡಿಸಿ.