ಪ್ರತಿ: ಎಣ್ಣೆ ಕಾಫಿ ಬಣ್ಣಕ್ಕೆ ತಿರುಗಿದೆ, ಹೊಸ ಎಂಜಿನ್ನೇ ಬೇಕಾ?

ಬೋಟಿನ ಎಂಜಿನ್ ಸ್ಟಾರ್ಟ್ ಆಗದೆ ತುಂಬ ಹೊತ್ತು ಕ್ರ್ಯಾಂಕ್ ಮಾಡಿದೆ (ಸ್ಟಾರ್ಟರ್‌ನಿಂದ ತಿರುಗಿಸಿದೆ), ಆಮೇಲೆ ಟಕ್ ಅಂತ ಸಿಕ್ಕಿಕೊಂಡಿತು, ಎಣ್ಣೆ ಅಳೆಯುವ ಡಿಪ್‌ಸ್ಟಿಕ್ ಮೇಲೆ ಹಾಲು ಹಾಕಿದ ಕಾಫಿ ಬಣ್ಣ, ಮೆಕ್ಯಾನಿಕ್ ಹೊಸ ಎಂಜಿನ್ ಅಂತಿದ್ದಾರೆ ಅಂದಿರಿ. ಈಗಲೇ ದುಡ್ಡು ಕೊಡಬೇಡಿ. ಎಣ್ಣೆಗೆ ನೀರು ಸೇರಿದೆ ಅಂತ ಆ ಬಣ್ಣದ ಅರ್ಥ; ಒಳಗಿನ ನೀರು ಹೋಗುವ ತನಕ ಸ್ಟಾರ್ಟರ್ ಮಾತ್ರ ಮುಟ್ಟಲೇಬೇಡಿ.

ಸುಮ್ನೆ ಕ್ರ್ಯಾಂಕ್ ಮಾಡಿದಷ್ಟೂ ಎಂಜಿನ್ ತಂಪು ಮಾಡುವ ಪಂಪ್ ಸಮುದ್ರದ ನೀರನ್ನು ಎಳೆಯುತ್ತಲೇ ಇರುತ್ತದೆ, ಅದನ್ನು ಹೊರಗೆ ತಳ್ಳೋಕೆ ಎಕ್ಸಾಸ್ಟ್ ಹೊಗೆ ಇರಲ್ಲ, ಮಫ್ಲರ್ (ಹೊಗೆ ಕೊಳವೆಯ ಡಬ್ಬಿ) ತುಂಬಿ ನೀರು ಹಿಂದಕ್ಕೆ ಸಿಲಿಂಡರ್‌ಗೆ ಬರುತ್ತದೆ. ನೀರು ಒತ್ತಿದರೆ ಕುಗ್ಗಲ್ಲ ಅಲ್ವಾ, ಬಾಗೋದು ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್.

ಸೀಕಾಕ್ (ಸಮುದ್ರದ ನೀರು ಒಳಬರುವ ಕವಾಟ) ಮುಚ್ಚಿ, ಮಫ್ಲರ್ ಖಾಲಿ ಮಾಡಿ. ಸಿಲಿಂಡರ್‌ಗೆ ಇಂಧನ ಚಿಮ್ಮಿಸುವ ಇಂಜೆಕ್ಟರ್‌ಗಳನ್ನೆಲ್ಲ ಬಿಚ್ಚಿ, ಮುಂದಿನ ಪುಲ್ಲಿಯ ಬೋಲ್ಟ್‌ಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ನಿಧಾನ ತಿರುಗಿಸಿ. ಮುಖ ದೂರ ಇರಲಿ, ನೀರು ಚಿಮ್ಮುತ್ತದೆ. 2 ಸುತ್ತು ಸಲೀಸಾಗಿ ತಿರುಗಿದರೆ ಆಸೆ ಇದೆ. ಎಂಜಿನ್ ತಂಪು ಮಾಡುವ ಕೂಲೆಂಟ್ ದ್ರವದ ಹೆಡರ್ ಟ್ಯಾಂಕ್ ಕೂಡ ನೋಡಿ: ಅದು ಇಳಿದಿದ್ದರೆ ಹೆಡ್ ಗ್ಯಾಸ್ಕೆಟ್ (ಸಿಲಿಂಡರ್ ಮುಚ್ಚಳದ ಕೆಳಗಿನ ಸೀಲ್) ಮೇಲೆ ಅನುಮಾನ, ಅದು ಬೇರೆ ಕಥೆ.

ಇದನ್ನು ಇವತ್ತೇ ಮಾಡಿ. ಉಪ್ಪುನೀರು ಒಳಗೆ ನಿಂತರೆ ಕೆಲವೇ ದಿನಗಳಲ್ಲಿ ಪಿಸ್ಟನ್ ರಿಂಗ್‌ಗಳು ತುಕ್ಕು ಹಿಡಿದು ಅಂಟಿಕೊಳ್ಳುತ್ತವೆ. ಸಿಲಿಂಡರ್‌ಗೆ ಸ್ವಲ್ಪ ಎಣ್ಣೆ ಬಿಡಿ. ಎಂಜಿನ್ ಎಣ್ಣೆ, ಫಿಲ್ಟರ್ ಬದಲಿಸಿ, ಇಂಜೆಕ್ಟರ್‌ಗಳನ್ನು ಮತ್ತೆ ಹಾಕಿ ಸೀಕಾಕ್ ತೆರೆಯಿರಿ, ಸ್ಟಾರ್ಟ್ ಆದರೆ ಬಿಸಿಯಾಗುವ ತನಕ ಓಡಿಸಿ, ಮತ್ತೆ ಬದಲಿಸಿ, ಎಣ್ಣೆಯ ಬಿಳುಪು ಹೋಗುವವರೆಗೂ. ಆಮೇಲೆ ಕಂಪ್ರೆಷನ್ ಟೆಸ್ಟ್, ಅಂದರೆ ಪ್ರತಿ ಸಿಲಿಂಡರ್‌ನ ಒತ್ತಡ ಅಳೆಯೋದು. ಒಂದೇ ಸಿಲಿಂಡರ್ ಉಳಿದವಕ್ಕಿಂತ ತೀರಾ ಕಡಿಮೆ ತೋರಿಸಿದರೆ ರಾಡ್ ಬಾಗಿರಬಹುದು, ಆಗಲೂ ಮೊದಲು ರಿಪೇರಿಯ ಲೆಕ್ಕ ಕೇಳಿ.